ಡ್ರಿಲ್ ಸರ್ ಬಿಡಿಸಿದ ಹವಳ

ಹೋದ ತಿಂಗಳು ಠಾಣಾ ಕುಶನೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲೊಂದು ಕುರಿಹಿಂಡು ಬಂದು ನಿಂತಿತು. ತೊಯ್ದ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕುರಿ ಕಾಯುವ ಅಜ್ಜಿಯೊಬ್ಬಳು ಒಂದು ಮರಿಯನ್ನು ಮೊಣಕಾಲಿನ ನಡುವೆ ಹಿಡಿದು, ಅದರ ಉಣ್ಣೆಗೆ ಅಂಟಿದ್ದ ಉತ್ತರಾಣಿ ಬೀಜಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ನನಗೆ ನಮ್ಮ ಡ್ರಿಲ್ ಸರ್ ಬೆರಳುಗಳು ನೆನಪಾದವು... ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ಸರ್ ಎಕಂಬಾದ ಕುರಿ ಸಾಕುವ ಮನೆಯವರು. ಔರಾದಿನ ನಮ್ಮ ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದರು, ಭಾನುವಾರ ಹೊಲದ ಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಒಂದು ವರ್ಷ ಮಕ್ಕಳನ್ನು ಕರಾವಳಿ ಪ್ರವಾಸಕ್ಕೆ ಕರೆದೊಯ್ದಾಗ, ಸಮುದ್ರದ ತಳದಿಂದ ಕಸ ಎತ್ತಿ ತರುವ ಮುಳುಗುಗಾರರನ್ನು ಕಂಡರು. ಅಷ್ಟೇ, ಹುಚ್ಚು ಹಿಡಿಯಿತು. ನಲವತ್ತು ದಾಟಿದ ಮೇಲೆ ಬೆನ್ನಿಗೆ ಸಿಲಿಂಡರ್ ಕಟ್ಟಿ ಮುಳುಗುವುದನ್ನು ಕಲಿತು, ದೀಪಾವಳಿ ರಜೆ ಬಂದರೆ ಸಾಕು ಅವರ ಜೊತೆ ಸೇವೆಗೆ ಹೊರಡುತ್ತಿದ್ದರು. ಊರವರು ನಕ್ಕರು. ನಾನೂ ನಕ್ಕವನೇ. ಆಮೇಲೆ ಭಾಲ್ಕಿಯಲ್ಲಿ ಔಷಧ ಅಂಗಡಿ ಇಟ್ಟ ಮೇಲೆ ನಾನೇ ಅವರ ಬೆನ್ನುಹತ್ತಿ ಆ ವಿದ್ಯೆ ಕಲಿತೆ.

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ಮೊದಲ ಸಲ ಇಳಿದಾಗ ದಂಗಾಗಿಬಿಟ್ಟೆ. ಬಾವಿಯ ಹಸಿರು ಕತ್ತಲೆಯಷ್ಟೇ ಕಂಡವನು ನಾನು. ಇಲ್ಲಿ ತಳದವರೆಗೂ ಬೆಳಕು. ಕೊಂಬೆಕೊಂಬೆಯಾಗಿ ಬೆಳೆದ ಹವಳ, ನೇರಳೆ, ಕಂದು, ಹಳದಿ. ಮೀನಿನ ಹಿಂಡೊಂದು ನನ್ನ ಮೂಗಿನ ಮುಂದೆಯೇ ತಿರುಗಿ ಹೋಯಿತು. ನೀರಿನಡಿ ಇಂಥ ಲೋಕವಿದೆಯೆಂದು ಹೇಳಿದ್ದರೆ ನಂಬುತ್ತಿರಲಿಲ್ಲ. ಆ ಹವಳದ ಒಂದು ಪೊದೆಗೆ ಹರಿದ ಮೀನುಬಲೆ ಸುತ್ತಿಕೊಂಡಿತ್ತು. ಬಲೆಯಡಿಯ ಹವಳ ಬಿಳಿಚಿ ಸಾಯತೊಡಗಿತ್ತು. ಅದನ್ನು ಉಳಿಸಲೆಂದೇ ಇಳಿದಿದ್ದೆವು.

ನನ್ನದೋ ಬಾವಿಯಲ್ಲಿ ಪಳಗಿದ ಕಾಲು. ಗೋಡೆಯ ಪಾವಟಿಗೆ, ಆ ಚಾಚುಗಲ್ಲಿನ ಮೆಟ್ಟಿಲು, ಕಂಡರೆ ಊರಿ ನಿಲ್ಲುವ ಚಾಳಿ. ಹಾಗೇ ಹವಳದ ಮೇಲೆ ಕಾಲೂರಿ ಬಲೆಯನ್ನು ಜಗ್ಗಿದೆ. ಒಂದು ಕೊಂಬೆ ಮುರಿದು ಬಿತ್ತು. ಸರ್ ನನ್ನ ಕಾಲು ಹಿಡಿದು ಮೇಲಕ್ಕೆತ್ತಿದರು.

ದೋಣಿ ಹತ್ತಿದ ಮೇಲೆ ಬೈಗುಳಕ್ಕೆ ತಯಾರಾಗಿ ಕೂತೆ.

"ಅದು ಪಾವಟಿಗಿ ಅಲ್ಲಪಾ, ಜೀವ ಅದ," ಎಂದರು ಮೆಲ್ಲಗೆ. "ನಿನ್ನ ಕೈ ಭಾಳ ಅವಸರದ್ದು. ಬಲಿ ತುಂಬೋ ಚೀಲ ಹಿಡಕೊಂಡು ಸುಮ್ನ ನೋಡು."

ಸಿಲಿಂಡರ್ ಬದಲಿಸಿ ಮತ್ತೆ ಇಳಿದೆವು. ಸರ್ ಯಾವುದನ್ನೂ ಮುಟ್ಟದೆ ನೀರಲ್ಲಿ ತೇಲುತ್ತ ನಿಂತರು. ಎಡಗೈ ಬೆರಳಿನಿಂದ ಒಂದು ಎಳೆ ಎತ್ತುವುದು, ಸಣ್ಣ ಕತ್ತರಿಯಿಂದ ಕತ್ತರಿಸುವುದು, ಮತ್ತೊಂದು ಎಳೆ. ಎಕಂಬಾದಲ್ಲಿ ಕುರಿಯ ಮೈಯಿಂದ ಮುಳ್ಳು ತೆಗೆದ ಕೈ ಅದು. ಪುಟ್ಟ ಮೀನೊಂದು ಬಂದು ಅವರ ಬೆರಳಿನ ಪಕ್ಕದಲ್ಲೇ ನಿಂತಿತು, ಹೆದರಲಿಲ್ಲ. ಆವತ್ತು ಅರ್ಧ ಮುಗಿಯಿತು, ಮರುದಿನ ಉಳಿದರ್ಧ. ಕೊನೆಯ ಎಳೆ ಕಳಚಿದಾಗ ಬಲೆ ತಾನಾಗಿಯೇ ನನ್ನ ಚೀಲಕ್ಕೆ ಬಂತು. ಇನ್ನೊಂದು ಕೊಂಬೆಯೂ ಮುರಿಯಲಿಲ್ಲ. ಅಷ್ಟು ವರ್ಷ ಅವರ ಶಿಷ್ಯನಾಗಿದ್ದರೂ ಅವರೆಂಥವರೆಂದು ನನಗೆ ತಿಳಿದದ್ದು ಆವತ್ತೇ.

ಆ ಹವಳ ಬದುಕುತ್ತದೆಯೇ ಎಂದು ಕೇಳಿದೆ. ಯಾರಿಗೆ ಗೊತ್ತು, ಮತ್ತೆ ಬಂದು ನೋಡಬೇಕು ಎಂದರು.

ಮತ್ತೆ ಹೋಗಲಾಗಲಿಲ್ಲ. ಸರ್ ಎದೆಯ ತೊಂದರೆಯಿಂದ ಮುಳುಗುವುದು ಬಿಟ್ಟರು. ನಾನು ಅಂಗಡಿಯ ನೆಪ ಹೇಳುತ್ತ ಉಳಿದೆ... ಬೀದರಿನ ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ ಮನೆ, ಮಕ್ಕಳು ಯಾವುದನ್ನೂ ಅವರು ಕೇಳಲಿಲ್ಲ.

"ಆ ಹವಳ ಏನಾತೋ?"

"ಚಲೋ ಅದರಿ ಸರ್. ಬಣ್ಣ ಬಂದದರಿ," ಎಂದೆ. ಹೋಗಿ ನೋಡಿಯೇ ಇರಲಿಲ್ಲ. ಅವರು ನಂಬಿ ಕಣ್ಣುಮುಚ್ಚಿ ನಕ್ಕರು. ನಾಲ್ಕು ದಿನಕ್ಕೆ ಹೋಗಿಬಿಟ್ಟರು. ಆ ಸುಳ್ಳು ನನ್ನನ್ನು ಎರಡು ವರ್ಷ ಸುಟ್ಟಿತು.

ಕುಶನೂರಿನ ಆ ಅಜ್ಜಿಯನ್ನು ಕಂಡ ಮೇಲೆ ತಡೆಯಲಾಗದೆ, ಹೋದ ವಾರ ಅಂಗಡಿಗೆ ಬೀಗ ಹಾಕಿ ಮುರ್ಡೇಶ್ವರಕ್ಕೆ ಹೋದೆ. ಅದೇ ಜಾಗದಲ್ಲಿ ಇಳಿದೆ. ಹವಳದ ತುಂಬ ನೇರಳೆ ಬಣ್ಣ, ಕೊಂಬೆಗಳ ಸಂದಿಯಲ್ಲೆಲ್ಲ ಮರಿಮೀನು. ನಾನು ಮುರಿದ ಜಾಗದಲ್ಲಿ ಬೆರಳಿನ ಉಗುರಿನಷ್ಟು ಹೊಸ ಚಿಗುರು. ಮಾಸ್ಕಿನೊಳಗೆ ಅತ್ತೆ. ಸರ್ ಕೇಳಿದಾಗ ನೋಡದೆ ಹೇಳಿದ್ದೆ. ಈಗ ಕಣ್ಣಾರೆ ನೋಡಿ ಬಂದಿದ್ದೇನೆ, ಕೇಳುವುದಕ್ಕೆ ಅವರಿಲ್ಲ.