ಹುಣಸೆ ಮರದ ದೆವ್ವಕ್ಕೆ ಎಂಆರ್‌ಐ

ನನ್ನ ತಮ್ಮನಿಗೆ ದೆವ್ವ ಬಡಿದಿರಲಿಲ್ಲ. ಅವನ ಹೃದಯದ ಗೋಡೆ ದಪ್ಪ ಇತ್ತು, ಅಷ್ಟೇ.

ಇಷ್ಟು ತಿಳಿಯಲು ನಾನು ಧಾರವಾಡ ಬಿಟ್ಟು ಹೊರದೇಶದ ಈ ರಿಚ್ಮಂಡ್ ಹಿಲ್‌ಗೆ ಬಂದು, ಮುದುಕಿಯಾಗಿ, ಮೆಷಿನ್ನಿನೊಳಗೆ ಮಲಗಬೇಕಾಯಿತು.

ಮೊನ್ನೆ ಚಳಿಯಲ್ಲಿ ಬಸ್ಸಿಗೆ ಓಡಿದೆ. (ಈ ವಯಸ್ಸಿಗೆ ಓಡಬಾರದು, ಗೊತ್ತು. ಆ ಗಾಳಿಯಲ್ಲಿ ನಿಂತು ನೋಡಿ, ನೀವೂ ಓಡುತ್ತೀರಿ.) ಬಸ್ಸು ಸಿಕ್ಕಿತು, ಕಣ್ಣು ಕತ್ತಲಿಟ್ಟಿತು. ಆಸ್ಪತ್ರೆಯಲ್ಲಿ ಎಕೋ ಅಂತ ಹೃದಯದ ಸ್ಕ್ಯಾನ್ ಮಾಡಿದರು. ಹೃದಯದ ಗೋಡೆ ದಪ್ಪ. ಬಹಳ ಜನರಿಗೆ ಬಿಪಿಯಿಂದ ಹಾಗಾಗುತ್ತದಂತೆ. ನನಗೆ ಬಿಪಿಯೇ ಇಲ್ಲ!

ಹೃದಯದ ಡಾಕ್ಟರಮ್ಮ ಕೇಳಿದರು: ನಿಮ್ಮ ಮನೆತನದಲ್ಲಿ ಯಾರಾದರೂ ಸಣ್ಣ ವಯಸ್ಸಿಗೆ ದಿಢೀರನೆ ಸತ್ತಿದ್ದಾರಾ? ಪಕ್ಕದಲ್ಲಿದ್ದ ಮಗ ಗಿರೀಶ ತಟ್ಟನೆ "ನೋ" ಅಂದ.

"ಯಾಕಲೇ, ನಿಮ್ಮ ಸ್ವಾದರಮಾವ?"

"ಅವಗ ದೆವ್ವ ಬಡದಿತ್ತಂತ ನೀನ ಹೇಳ್ತಿದ್ದೆಲ್ಲವಾ! ಅದು ಹಾರ್ಟ್ ಪ್ರಾಬ್ಲಮ್ ಹೆಂಗಾಕ್ಕತಿ?"

"ದೆವ್ವ ಬಡದು ಸತ್ರ ಸತ್ತಂಗ ಅಲ್ಲೇನು? ಹೇಳು ಆಕಿಗೆ."

ಗಿರೀಶ ನಾಚಿಕೊಳ್ಳುತ್ತ ಹೇಳಿದ. ನನ್ನ ತಮ್ಮ ಕಬಡ್ಡಿ ಆಡುವ ಗಟ್ಟಿ ಆಳು, ತೊಟ್ಟಿಲಲ್ಲಿ ಮಗಳಿದ್ದಳು. ಆಡುತ್ತಾ ಹುಣಸೆ ಮರದ ಕೆಳಗೆ ಬಿದ್ದವನು ಏಳಲಿಲ್ಲ. ಅಂದಿನಿಂದ ಪ್ರತಿ ಅಮಾವಾಸ್ಯೆ ನಮ್ಮವರು ಆ ಮರದ ಬುಡದಲ್ಲಿ ಕಾಯಿ ಒಡೆಯುತ್ತಾರೆ.

ಡಾಕ್ಟರಮ್ಮ ನಗಲಿಲ್ಲ. ದೆವ್ವ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದುಕೊಂಡು, ಎಂಆರ್‌ಐ ಮಾಡಿಸಿ ಅಂದರು.

ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಂಥ "ನೋ" ಇದೆ? ದೃಷ್ಟಿ ತಾಗಿ ಹೋದವರು, ಗಾಳಿ ಸೋಕಿ ಹೋದವರು ಡಾಕ್ಟರ ಕಿವಿಗೆ ಬೀಳುವುದೇ ಇಲ್ಲ.

ಎಂಆರ್‌ಐ ಅಂದರೆ ಹಿಟ್ಟಿನ ಗಿರಣಿಯೊಳಗೆ ತಲೆ ಇಟ್ಟಂತೆ. ಉಸಿರು ಹಿಡಿ, ಬಿಡು, ಮತ್ತೆ ಹಿಡಿ. ಕೈಗೆ ಔಷಧಿ ಚುಚ್ಚಿ ಇನ್ನಷ್ಟು ಫೋಟೋ. (ನನ್ನ ಮದುವೆಯಲ್ಲೂ ಇಷ್ಟು ಫೋಟೋ ತೆಗೆದಿರಲಿಲ್ಲ.)

ಆಮೇಲೆ ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ಹೃದಯದ ಸ್ನಾಯುವಿನದೇ ಕಾಯಿಲೆ, ಅಪರೂಪದ್ದು, ವಂಶದಲ್ಲಿ ಹರಿದು ಬರುತ್ತದೆ. ತಮ್ಮನಿಗೂ ಇದೇ ಇದ್ದಿರಬಹುದು. ಅವರಿಗೆ "ಇರಬಹುದು". ನನಗೆ ಅನುಮಾನವೇ ಇಲ್ಲ. ನನಗೆ ಗುಳಿಗೆ ಬರೆದರು, ಗಿರೀಶನಿಗೆ ಟೆಸ್ಟು ಬರೆದರು. ಗಿರೀಶನ ಮುಖ ಸಣ್ಣದಾಯಿತು. ತಮ್ಮನ ಮಗಳೂ ಬೇಗ ತೋರಿಸಿಕೊಳ್ಳಲಿ ಅಂದರು.

ಆ ಮಗಳೇ ಶಾಂತಾ. ಧಾರವಾಡದಲ್ಲೇ ಇದ್ದಾಳೆ. ಮೆಟ್ಟಿಲು ಹತ್ತಿದರೆ ತಲೆ ತಿರುಗುತ್ತದೆ. ಅಪ್ಪನನ್ನು ಹಿಡಿದದ್ದೇ ಮಗಳನ್ನೂ ಹಿಡಿದಿದೆ ಎಂದು ತೋಳಿಗೆ ತಾಯಿತ ಕಟ್ಟಿದ್ದಾರೆ. (ಹಿಡಿದದ್ದು ಅದೇ ಇರಬೇಕು. ಹೆಸರು ಮಾತ್ರ ತಪ್ಪು.)

ಮರುದಿನ ಬೆಳಿಗ್ಗೆ ಎದ್ದವಳೇ ಫೋನ್ ಮಾಡಿದೆ. ಅಲ್ಲಿ ಸಂಜೆ.

"ಅತ್ತಿ, ಇವತ್ತ ಅಮಾಸಿ. ಹುಣಸಿ ಗಿಡದ ಕಡೆ ಹೊಂಟೀವಿ."

"ಗಿಡ ಎಲ್ಲೂ ಓಡಿ ಹೋಗೂದಿಲ್ಲ. ಮೊದ್ಲ ಹಾರ್ಟಿನ ಡಾಕ್ಟರ್ ಕಡೆ ಹೋಗು. ನಿಮ್ಮಪ್ಪಂದು ಹಾರ್ಟಿನ ಬ್ಯಾನಿ, ನಂದೂ ಅದ." ಎಲ್ಲ ಬಿಡಿಸಿ ಹೇಳಿದೆ.

"ದೆವ್ವ ಸಿಟ್ಟಾದ್ರ?"

"ನನ್ನ ಮ್ಯಾಲ ಸಿಟ್ಟಾಗ್ಲಿ. ಇಲ್ಲೀತನಕ ಬರಾಕ ಅದಕ್ಕ ವೀಸಾ ಬೇಕು."

ಆ ಕಡೆಯಿಂದ ಸಣ್ಣ ದನಿ. "ನಾಳೆ ಮುಂಜಾನೆ ಡಾಕ್ಟರ್ ಕಡೆ ಹೋಗ್ತೀನಿ ಅತ್ತಿ. ತಂದ ಕಾಯಿ ಏನ್ ಮಾಡ್ಲಿ?"

"ಚಟ್ನಿ ಮಾಡು," ಅಂದೆ.