ಬುಟ್ಟಿಯಲ್ಲಿ ಇಳಿದ ಹೆಸರು

ನಗ್ತೀಯಾ? ಐದನೇ ಮಹಡಿಯಿಂದ ಒಂದು ಅಂಗಡಿ ದಿನಾ ಬುಟ್ಟೀಲಿ ಕೂತು ಇಳೀತಿತ್ತು ಅಂದ್ರೆ ನಗು ಬರತ್ತಾ? ಸರಿ, ನಾನು ರೈಲು ಬಿಡೋನೇ. ಹೋದ ವಾರ ಹೇಳಿದ ಮೀನು ಅಷ್ಟುದ್ದ ಇರ್ಲಿಲ್ಲ, ಒಪ್ಕೊಂಡೆ. ಆದ್ರೆ ಸೂಜಕ್ಕನ ವಿಷಯದಲ್ಲಿ ಒಂದೆಳೆ ಸುಳ್ಳಿಲ್ಲ. ಇದ್ರೂ ಒಂದೇ ಎಳೆ.

ಸೂಜಕ್ಕ ಅಂದ್ರೆ ಹರಿದ ಬಟ್ಟೆ ರಿಪೇರಿ ಮಾಡೋಳು. ಗುಂಡಿ ಹಾಕೋದು, ಜಿಪ್ಪು ಬದಲಾಯಿಸೋದು, ಪ್ಯಾಂಟಿನ ಅಂಚು ಮಡಿಸೋದು. ಐದನೇ ಮಹಡೀಲಿ ಒಂದೇ ರೂಮು. ಕಿಟಕಿ ಹತ್ರ ಹೊಲಿಗೆ ಮಿಷನ್ನು, ಗೋಡೆ ಹತ್ರ ಅತ್ತೆ ಮಂಚ. ಲಿಫ್ಟು ಕೆಟ್ಟು ಎಷ್ಟು ವರ್ಷ ಆಗಿತ್ತು ಅಂದ್ರೆ, ಅದರೊಳಗೆ ಸಂಸಾರ ಹೂಡಿದ ಪಾರಿವಾಳಗಳು ಮರಿಮಕ್ಕಳನ್ನೂ ಕಂಡಿದ್ವು. ಗಿರಾಕಿಗಳು ಅಷ್ಟು ಮೆಟ್ಟಿಲು ಹತ್ತಲ್ಲ. ಅದಕ್ಕೇ ಕಿಟಕಿಗೆ ಹಗ್ಗ, ಹಗ್ಗಕ್ಕೆ ಬುಟ್ಟಿ. ಹರಿದ ಪ್ಯಾಂಟು ಮೇಲೆ ಬರೋದು. ಹೊಲಿದ ಪ್ಯಾಂಟು ಕೆಳಗೆ ಹೋಗುವಾಗ ಜೊತೇಲಿ ಕಾರ್ಡ್ ಮಿಷನ್ನೂ ಹೋಗೋದು. ಗಿರಾಕಿ ಕಾರ್ಡ್ ಉಜ್ಜಿ ಹಗ್ಗ ಎರಡು ಸಲ ಜಗ್ಗಿದ್ರೆ ಸೂಜಕ್ಕ ಎಳ್ಕೋತಿದ್ಲು. ಬುಟ್ಟಿ ಇಳಿಯೋ ಜಾಗದಲ್ಲೇ, ಕೆಳಗೆ, ಹೆಣದ ಪೆಟ್ಟಿಗೆ ಮಾರೋ ಅಂಗಡಿ.

ಹೀಗಿರುವಾಗ ಅವಳ ಎರಡು ಕಣ್ಣಿಗೂ ಪೊರೆ ಬಂತು. ಬಿಳಿ ಗುಂಡಿ ಯಾವುದು, ನೀಲಿ ಯಾವುದು ಗೊತ್ತಾಗ್ತಿರ್ಲಿಲ್ಲ. ಸೂಜಿಗೆ ದಾರ ಪೋಣಿಸೋಕೆ ಎಂಬತ್ತು ದಾಟಿದ ಅತ್ತೇನೇ ಬೇಕಾಯ್ತು.

"ನನ್ನ ಕಣ್ಣೇ ಕಿತ್ತು ಕೊಡ್ಲೇನೇ?" ಅನ್ನೋಳು ಮುದುಕಿ, ದಾರದ ತುದಿ ನೆಕ್ತಾ. "ನಿನ್ನನ್ನ ಸೊಸೆ ಅಂತ ಆರಿಸುವಾಗ್ಲೇ ಇವು ಕೈಕೊಟ್ಟಿದ್ವು, ನೋಡ್ಕೊಂಡು ತಗೋ."

"ನಿಮ್ಮ ನಾಲಿಗೆ ಕೊಡಿ ಅತ್ತೆ, ಕತ್ತರಿ ಬೇಕಾಗಲ್ಲ."

ನಗ್ತಾ ಹೇಳಿದ್ರೂ ಸೂಜಕ್ಕಂಗೆ ಅದೇ ಚಿಂತೆ. ಅತ್ತೆ ಹೋದ್ಮೇಲೆ ದಾರ ಪೋಣಿಸೋರ್ಯಾರು? ಬಡ ಕಸುಬುದಾರರಿಗೆ ಪುಕ್ಕಟೆ ಆಪರೇಷನ್ ಮಾಡೋ ಆಸ್ಪತ್ರೆ ಇತ್ತು, ನಿಜ. ಆದ್ರೆ ಆರು ತಿಂಗಳಿಂದ ಹೊಲಿಗೇನೇ ಮಾಡ್ತಿದ್ದೀನಿ ಅಂತ ಬ್ಯಾಂಕಿಂದ ಚೀಟಿ ತರಬೇಕು. ಅದು ಅವಳಿಗೆ ಗೊತ್ತಾದ ದಿನವೇ, ಸಂಜೆ ನಾಲ್ಕಕ್ಕೆ, ಆ ವರ್ಷದ ಪಟ್ಟಿ ಮುಚ್ಚೋದು.

ಗೋಡೆ ಸವರ್ಕೊಂಡು ಮೆಟ್ಟಿಲಿಳಿದು, ಬ್ಯಾಂಕಿನ ಸಾಲಲ್ಲಿ ನಿಂತು, ಕೌಂಟರ್ ಮುಟ್ಟುವಾಗ ಮೂರೂ ಕಾಲು.

"ಅಮ್ಮ, ಇಲ್ಲಿ ಹೊಲಿಗೆ ಅಂತ ಒಂದೂ ಇಲ್ವಲ್ಲ," ಅಂದ್ಲು ಕೌಂಟರಿನ ಹುಡುಗಿ. "ನಿಮ್ಮ ಖಾತೆಗೆ ನಾನೂರ ಹನ್ನೆರಡು ಸಲ ದುಡ್ಡು ಬಂದಿದೆ, ಅಷ್ಟೂ ಹೆಣದ ಪೆಟ್ಟಿಗೆ ಅಂಗಡಿ ಹೆಸರಲ್ಲಿದೆ."

"ಹೆಣದ ಪೆಟ್ಟಿಗೆಗೆ ಯಾರಮ್ಮ ಜಿಪ್ಪು ಹಾಕಿಸ್ತಾರೆ?"

ಹಿಂದೆ ನಿಂತವರು ಕಿಸಕ್ಕಂದ್ರು. ಹುಡುಗಿ ಬಿಡಿಸಿ ಹೇಳಿದ್ಲು. ಲೆಕ್ಕದಲ್ಲಿ ಅಂಗಡಿ ಹೆಸರುಗಳು ತಪ್ಪಾಗ್ತಿದ್ವಂತೆ. ಅದಕ್ಕೆ ಈಗ ಕಾರ್ಡ್ ಉಜ್ಜೋ ಹೊತ್ತಿಗೆ ಮಿಷನ್ ಎಲ್ಲಿದೆ ಅಂತ ಕಂಪ್ಯೂಟರೇ ನೋಡಿ, ಆ ಜಾಗದ ಅಂಗಡಿ ಹೆಸರು ಬರ್ಕೊಳ್ಳತ್ತಂತೆ.

"ನಾನಿರೋದು ಅದರ ಮೇಲೆ ತಾಯಿ! ಐದನೇ ಮಹಡಿ!"

"ಎತ್ತರಾನೂ ನೋಡತ್ತಮ್ಮ. ಒಂದೊಂದು ಸಲಾನೂ ನೆಲದ ಮೇಲೇ ಇತ್ತು."

ಬುಟ್ಟಿ! ಸೂಜಕ್ಕಂಗೆ ಆಗ ಹೊಳೀತು. ಕಂಪ್ಯೂಟರ್ ಸುಳ್ಳಾಡಿಲ್ಲ. ತಾನೇ, ಕೈಯಾರೆ, ತನ್ನ ಹೆಸರನ್ನ ದಿನಾ ಇಳಿಸಿ ಆ ಅಂಗಡಿ ಬಾಗಿಲಲ್ಲಿ ಇಟ್ಟಿದ್ಲು.

"ಅರ್ಜಿ ಕೊಡಿ, ಹತ್ತು ದಿನದಲ್ಲಿ ನೋಡ್ತಾರೆ."

"ಟೈಮೆಷ್ಟಮ್ಮ?"

"ಮೂರೂವರೆ."

ಗೋಡೆ ಮೇಲಿನ ಗಡಿಯಾರ ಅವಳಿಗೆ ಒಂದು ಬೆಳ್ಳಗಿನ ಕಲೆ. ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತ್ಲು. ಸುಮ್ನೆ ಅಂಗೈ ಉಜ್ಕೋತಾ ಇದ್ಲು. ಹಗ್ಗ ತಿಂದು ಗಟ್ಟಿಯಾದ ಅಂಗೈ. ಉಜ್ತಾ ಉಜ್ತಾ ಕೈ ನಿಂತ್ಹೋಯ್ತು. ಬುಟ್ಟಿ ಇಳಿಸೋದಕ್ಕೆ ಕೈ ಹೀಗಾಗಲ್ಲ. ಇದು ಇಳಿದ ಮಿಷನ್ನನ್ನ ಮತ್ತೆ ಮೇಲಕ್ಕೆ ಎಳೆದೆಳೆದು ಆಗಿದ್ದು!

ಎದ್ದು, ಸಾಲು ಮುರಿದು, ಬೈಸ್ಕೊಂಡು ಕೌಂಟರ್ ಹಿಡ್ಕೊಂಡ್ಲು.

"ತಾಯಿ, ಕಾರ್ಡ್ ಉಜ್ಜಿದ ಹೊತ್ತು ಮಾತ್ರ ನೋಡಿದ್ಯಲ್ಲ, ಮಿಕ್ಕ ಹೊತ್ತು ಆ ಮಿಷನ್ ಎಲ್ಲಿತ್ತು? ನಿನ್ನ ದಮ್ಮಯ್ಯ, ಒಂದು ಸಲ ನೋಡು!"

ಹುಡುಗಿ ಗೊಣಗ್ತಾನೇ ಕಂಪ್ಯೂಟರಲ್ಲಿ ತೆಗೆದ್ಲು. ಆಮೇಲೆ ಪರದೆ ಹತ್ರ ಬಗ್ಗಿ, ಬೆರಳಿಟ್ಟು ನೋಡಿದ್ಲು.

"ಏನಿದೆ? ನಂಗೆ ಕಾಣಲ್ಲ, ಹೇಳೇ!"

"ಐದನೇ ಮಹಡಿಗೆ ಹೋಗತ್ತೆ, ಕೆಳಗೆ ಬರತ್ತೆ, ಮತ್ತೆ ಮೇಲೆ... ದಿನವಿಡೀ ಹೀಗೇ. ಹೊಲಿಗೆ ಹಾಕಿದ ಹಾಗಿದೆ ಅಮ್ಮ."

ಮ್ಯಾನೇಜರು ಬಂದ್ರು, ನೋಡಿದ್ರು, ಹೊಲಿಗೆ ಅಂಗಡಿ ಅಂತ ಹೆಸರು ತಿದ್ದಿ ಚೀಟಿ ಕೊಟ್ರು. ಚೀಟಿ ಆಸ್ಪತ್ರೆಗೆ ಹೋಗುವಾಗ ನಾಲ್ಕಕ್ಕೆ ಎರಡೇ ನಿಮಿಷ. ಪಟ್ಟೀಲಿ ಕಟ್ಟಕಡೆ ಹೆಸರು, ಅದೂ ಒಂದೇ ಕಣ್ಣಿಗೆ. ಇನ್ನೊಂದು ಮುಂದಿನ ವರ್ಷ ನೋಡೋಣ ಅಂದ್ರು. ಅವಳಿಗೆ ಸೂಜಿ ಕಣ್ಣಷ್ಟು ಬೆಳಕು ಸಿಕ್ಕಿದ್ರೂ ಸಾಕಿತ್ತು.

ಕಣ್ಣಿನ ಬ್ಯಾಂಡೇಜು ಬಿಚ್ಚಿದ ದಿನ ಮೊದಲು ನೋಡಿದ್ದು ಅತ್ತೆ ಮುಖಾನ.

"ಅಯ್ಯೋ ಅತ್ತೆ, ಇಷ್ಟೊಂದು ಸುಕ್ಕಾಗಿದ್ದೀರಾ!"

"ಪೊರೆ ಇದ್ದಾಗ್ಲೇ ಒಳ್ಳೆಯವಳಿದ್ದೆ ಕಣೇ ನೀನು," ಅಂದ್ಲಂತೆ ಮುದುಕಿ, ಕಣ್ಣೊರೆಸ್ಕೋತಾ.

ಇನ್ನೂ ನಂಬಲ್ವಾ? ಈ ಅಂಗಿ ನೋಡು, ಐದು ಬಿಳಿ ಗುಂಡಿ, ಮಧ್ಯೆ ಒಂದು ನೀಲಿ. ಅವಳಿಗೆ ಕಣ್ಣು ಕಾಣದಿದ್ದಾಗ ಹಾಕಿದ್ದು. ಬದಲಾಯಿಸಿ ಕೊಡ್ತೀನಿ ಅಂತ ಎಷ್ಟು ಸಲ ಕರೆದ್ಲು, ನಾನೇ ಬೇಡ ಅಂದೆ... ಹಾಂ? ಮನೆಯವಳು ಕರೀತಿದ್ದಾಳೆ. ಬಂದೆ ಕಣೇ, ಬಂದೆ! ತಟ್ಟೆ ಇಡು, ಕೈ ತೊಳ್ಕೊಂಡು ಬರ್ತೀನಿ.