ಹೋದ ವರ್ಷದ ಕೀಲಿ

ಎನ್ಕಾರ್ನಾಸಿಯೋನ್ ಊರಿನ ಆಸ್ಪತ್ರೆಯ ರಕ್ತನಿಧಿಯಲ್ಲಿ, ಎಲ್ಲರೂ ಗೌರವಕ್ಕೆ ನ್ಯಾ ಸೇರಿಸಿ ಕರೆಯುವ ನಿನ್ಫಾಳ ಕಣ್ಣು ತಪ್ಪಿಸಿ ಒಂದು ಕಾಗದವೂ ಹೊರಗೆ ಹೋಗುತ್ತಿರಲಿಲ್ಲ. ವೆಬ್‌ಸೈಟಿನ ಸುರಕ್ಷತಾ ಪ್ರಮಾಣಪತ್ರಕ್ಕಾಗಿ ವರ್ಷಕ್ಕೊಮ್ಮೆ ಕಳಿಸುವ ಕೋರಿಕೆಯನ್ನೂ ಆಕೆ ಮುದ್ರಿಸಿಕೊಂಡು, ಸಾಲಿನ ಕೆಳಗೆ ಮರದ ಅಡಿಪಟ್ಟಿ ಇಟ್ಟು ಓದುತ್ತಿದ್ದಳು. ಐವತ್ತೆಂಟರ ಹೆಂಗಸು, ಕಂಪ್ಯೂಟರಿನ ಪರದೆಯನ್ನು ನಂಬುವವಳೇ ಅಲ್ಲ. ಹಟವೆಂದರೆ ಅಂಥ ಹಟ.

ಆ ದಿನ ಹಳೆಯ ಪ್ರಮಾಣಪತ್ರದ ಅವಧಿ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವುದಿತ್ತು. ಆಗಲೇ ಹನ್ನೊಂದೂಕಾಲು. ಹೊಸ ಕೋರಿಕೆ ಸಿದ್ಧಪಡಿಸಿದ್ದ ಸಹೋದ್ಯೋಗಿ ಡೆರ್ಲಿಸ್, ತಣ್ಣನೆಯ ಎಲೆಚಹಾ ತೆರೆರೆ ತುಂಬಿದ ಬಟ್ಟಲನ್ನು ಅವಳತ್ತ ಚಾಚಿದ.

"ಓದೀ ಓದೀ ಕಾಗದ ತೂತಾಗುತ್ತೆ, ನ್ಯಾ ನಿನ್ಫಾ. ಕಳಿಸ್ಬಿಡೋಣ."

"ತೂತಾದ್ರೆ ಆ ಕಡೇದೂ ಕಾಣುತ್ತೆ ಬಿಡು."

ದೇಶ ಸರಿ. ಊರು ಸರಿ. ಆಸ್ಪತ್ರೆಯ ಹೆಸರು, ಸೈಟಿನ ವಿಳಾಸ ಎಲ್ಲ ಸರಿ. ಕೊನೆಗೆ ಉಳಿದದ್ದು, ಸೈಟಿನಲ್ಲಿ ಜನ ಬರೆಯುವುದನ್ನು ಗುಟ್ಟಾಗಿಡುವ, ವರ್ಷಕ್ಕೊಮ್ಮೆ ಹೊಸದಾಗಬೇಕಾದ ಕಂಪ್ಯೂಟರ್ ಕೀಲಿಯ ಗುರುತಿನ ಅಂಕಿಗಳು. ಹೋದ ವರ್ಷದ ಕಾಗದವನ್ನು ಪಕ್ಕಕ್ಕಿಟ್ಟು ನೋಡಿದವಳ ಬೆರಳು ನಿಂತೇಹೋಯಿತು. ಒಂದಂಕಿಯೂ ಬೇರೆಯಿರಲಿಲ್ಲ.

"ಹಳೇ ಕೀಲೀನೇ ಹಾಕಿದೀಯಾ?"

"ಚೆನ್ನಾಗೇ ಇತ್ತಲ್ಲ. ಕೀಲಿ ಏನು ಹಾಲಾ, ಒಡೆದುಹೋಗೋಕೆ?"

ಅವನಿಗೇನು ಗೊತ್ತು. ಹೋದ ವರ್ಷ ಊರಹಬ್ಬಕ್ಕೆ ಪೋಲ್ಕಾ ಹಾಡು ತುಂಬಿಸಿಕೊಳ್ಳಲು ಒಂದು ಪೆನ್‌ಡ್ರೈವ್ ಬೇಕೆಂದು ಸಿಂದುಲ್ಫೊ ಬಂದಿದ್ದ. ಅವಳ ಮಗಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತು ಮನೆಯವನೇ ಆದ ಕಂಪಾದ್ರೆ. ಹತ್ತು ಜನ ಒಂದೇ ಕೊಳವೆಯಲ್ಲಿ ತೆರೆರೆ ಹೀರುವ ಊರಿನಲ್ಲಿ ಕಂಪಾದ್ರೆಗೆ ಇಲ್ಲ ಎನ್ನುವುದುಂಟೆ? ಡ್ರಾಯರಿನಲ್ಲಿದ್ದದ್ದನ್ನು ತೆಗೆದು ಕೊಟ್ಟಳು. ಅದರೊಳಗೆ ಕೀಲಿಯ ನಕಲು ಇತ್ತೆಂದು ನೆನಪಾದದ್ದು, ಅದನ್ನು ಬಸ್ಸಿನಲ್ಲಿ ಕಳೆದುಕೊಂಡೆನೆಂದು ಅವನು ನಗುತ್ತ ಹೇಳಿದಾಗ. ನಿನ್ಫಾ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ವರ್ಷ ಕಳೆದರೆ ಹೇಗೂ ಹೊಸ ಕೀಲಿ ಬರುತ್ತದೆ ಎಂದುಕೊಂಡಿದ್ದಳು.

ಆ ಕೀಲಿ ಸಿಕ್ಕವನು ರಕ್ತನಿಧಿಯ ಸೈಟಿನ ವೇಷ ಹಾಕಿಕೊಂಡು ಕೂತರೆ, ರಕ್ತ ಕೊಡುವವರು ಕಟ್ಟಿಕೊಂಡವರಿಗೂ ಹೇಳದೆ ಅದರ ಅರ್ಜಿಯಲ್ಲಿ ಬರೆಯುವ ಕಾಯಿಲೆಗಳನ್ನೆಲ್ಲ ಓದಬಹುದು. ಈಗ ಸುಮ್ಮನಿದ್ದರೆ ಅವನಿಗೆ ಇನ್ನೊಂದು ವರ್ಷ ಸಿಕ್ಕಂತೆ. ಹೇಳಿದರೆ ಅವಳ ಇಪ್ಪತ್ತಾರು ವರ್ಷದ ಹೆಸರು ಹೋಗುತ್ತದೆ. ಹೊಸ ಕೋರಿಕೆಗೆ ನಿರ್ದೇಶಕಿಯ ಸಹಿ ಮತ್ತೆ ಬೇಕು, ಅವರೋ ಮಧ್ಯಾಹ್ನ ಒಂದು ಗಂಟೆಯವರೆಗೆ ಶಸ್ತ್ರಚಿಕಿತ್ಸೆಯಲ್ಲಿ. ಅಷ್ಟರಲ್ಲಿ ಸೈಟು ನಿಲ್ಲುತ್ತದೆ, ಯಾಕೆ ನಿಂತಿತೆಂದು ಎಲ್ಲರೂ ಕೇಳುತ್ತಾರೆ.

ಹನ್ನೊಂದೂಮುಕ್ಕಾಲು. ಡೆರ್ಲಿಸನ ಬೆರಳು ಗುಂಡಿಯ ಮೇಲಿತ್ತು.

"ಒತ್ಲಾ?"

ನಿನ್ಫಾಳಿಗೆ ಭಯವಾಯಿತು. ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ಬೇಡ. ಆ ಕೀಲಿ ಬೀದಿಪಾಲಾಗಿದೆ ಕಣೋ. ಮಾಡಿದ್ದು ನಾನೇ."

ಸೈಟು ಎರಡು ಗಂಟೆ ಮುಚ್ಚಿತ್ತು. ಫೋನಿಗೆ ಬಿಡುವಿರಲಿಲ್ಲ. ನಿರ್ದೇಶಕಿ ಬಂದು ಎಲ್ಲ ಕೇಳಿದರು, ಬೈಯಲಿಲ್ಲ. ಹೊಸ ಕೀಲಿಯನ್ನು ನಿನ್ಫಾ ಮಾಡಲಿ, ಕೋರಿಕೆಯನ್ನು ಡೆರ್ಲಿಸ್ ನೋಡಲಿ ಎಂದಷ್ಟೇ ಹೇಳಿ ಹೋದರು.

ಅವನು ಅವಳ ಅಡಿಪಟ್ಟಿ ಎತ್ತಿಕೊಂಡು ಸಾಲುಸಾಲಾಗಿ ಓದಿದ. ಅವಳು ಹಿಂದೆ ಕೈಕಟ್ಟಿ ನಿಂತಿದ್ದಳು. ಅಂಕಿಗಳು ಈ ಸಲ ಬೇರೆಯಿದ್ದವು.

"ಇದರ ನಕಲು ಬೇರೆಲ್ಲೂ ಇಲ್ವಲ್ಲ?"

"ಇಲ್ಲ."

ಕಾಗದ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅವನು ಅವಳ ಮುಖ ನೋಡಿದ.

"ಬೇಜಾರ್ ಮಾಡ್ಕೋಬೇಡಿ, ನ್ಯಾ ನಿನ್ಫಾ. ಡ್ರಾಯರ್ ಒಂದ್ಸಲ ತೆಗೀರಿ."

ನಿನ್ಫಾ ತೆಗೆದಳು.